ಹಿಪ್ಪುನೇರಳೆ ಕಡ್ಡಿಯ ತೊಗಟೆಯಿಂದ ನಾರು: ತೆಗೆಯುವ ಬಗೆ, ಗುಣ ಅಳೆಯುವ ಬಗೆ

ರೇಷ್ಮೆ ಹುಳ ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಏರಿದ ಮೇಲೆ ಹುಳುಮನೆಯ ಹಿತ್ತಲಲ್ಲಿ ಸೊಪ್ಪು ಬರಿದಾದ ಹಿಪ್ಪುನೇರಳೆ ಕಡ್ಡಿಯ ರಾಶಿ ಉಳಿಯುತ್ತದೆ. ಎಲೆ ಬಿಡಿಸಿ ಹಾಕುವುದನ್ನು ಬಿಟ್ಟು ಕಡ್ಡಿ ಸಮೇತ ಸೊಪ್ಪು ಕೊಡಲು ಶುರುವಾದ ಮೇಲಂತೂ ರಾಮನಗರ, ಶಿಡ್ಲಘಟ್ಟ, ಕೋಲಾರ, ಮಂಡ್ಯದ ಕಡೆ ಈ ರಾಶಿ ಇನ್ನೂ ದೊಡ್ಡದು. ಅದು ಒಲೆಗೆ ಹೋಗುತ್ತದೆ, ಇಲ್ಲವೇ ತಿಪ್ಪೆಗೆ. ಹಸಿ ಕಡ್ಡಿಯ ಬುಡದಲ್ಲಿ ತೊಗಟೆಯನ್ನು ಉಗುರಿನಿಂದ ಎಬ್ಬಿಸಿ ಎಳೆಯಿರಿ: ತುದಿಯವರೆಗೂ ಒಂದೇ ಪಟ್ಟಿಯಾಗಿ ಬರುತ್ತದೆ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕಿತ್ತು ತುಂಡು ಮಾಡಲು ನೋಡಿದರೆ ಬೆರಳು ಕೆಂಪಾಗುತ್ತದೆ, ಪಟ್ಟಿ ಮಾತ್ರ ಜಗ್ಗುವುದಿಲ್ಲ. ಅಷ್ಟು ಬಲ ಕೊಡುತ್ತಿರುವುದು ಒಳತೊಗಟೆಯಲ್ಲಿ ಉದ್ದುದ್ದ ಮಲಗಿರುವ ಸೆಲ್ಯುಲೋಸ್ ನಾರು.

ಇದು ಹೊಸ ಸಂಗತಿಯಲ್ಲ. ಹಿಪ್ಪುನೇರಳೆಯ ಕುಟುಂಬದ ಹಲವು ಮರಗಳು ತೊಗಟೆಗೆ ಹೆಸರಾದವು. ಜಪಾನಿನ ವಾಶಿ ಕಾಗದ, ಕೊರಿಯಾದ ಹಾಂಜಿ ಕಾಗದ ಎರಡೂ ಮುಖ್ಯವಾಗಿ ‘ಕಾಗದ ಹಿಪ್ಪುನೇರಳೆ’ ಎಂಬ, ಇದೇ ಕುಟುಂಬದ ಇನ್ನೊಂದು ಗಿಡದ ತೊಗಟೆಯಿಂದ ಬಂದವು. ಉಗಾಂಡದಲ್ಲಿ ಮುಟುಬಾ ಎಂಬ ಅತ್ತಿ ಜಾತಿಯ ಮರದ ತೊಗಟೆ ಬಡಿದು ಬಟ್ಟೆ ಮಾಡುತ್ತಾರೆ. ಆ ಕಸುಬನ್ನು ಯುನೆಸ್ಕೊ 2005ರಲ್ಲೇ ಪರಂಪರೆಯೆಂದು ಗುರುತಿಸಿತು. ನಮ್ಮ ಪಶ್ಚಿಮಘಟ್ಟದ ಅಜ್ಜನಪಟ್ಟೆ ಮರವೂ ಇದೇ ಕುಟುಂಬದ್ದು. ಅದರ ತೊಗಟೆಯನ್ನು ಇಡಿಯಾಗಿ ಕಳಚಿ, ಬಡಿದು, ಧಾನ್ಯ ತುಂಬುವ ಚೀಲ ಮಾಡುತ್ತಿದ್ದರು. ಹೊಲಿಗೆಯೇ ಬೇಡದ ಚೀಲ.

ಈ ಲೇಖನ ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುವವರಿಗೆ, ಕೈಕಾಗದ ಮಾಡುವವರಿಗೆ, ತೋಟದ ಕಡ್ಡಿಯಿಂದ ಏನಾದರೂ ಆದೀತೇ ಎಂದು ಯೋಚಿಸುತ್ತಿರುವ ರೇಷ್ಮೆ ಬೆಳೆಗಾರರಿಗೆ. ಕೆಲಸಕ್ಕೆ ಇಳಿಯುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ತೊಗಟೆಯ ನಾರಿಗೆ ಇಂತಿಷ್ಟೇ ಬಲ, ಇಂತಿಷ್ಟೇ ನಯ ಎಂದು ಮರ ಬರೆದುಕೊಟ್ಟಿರುವುದಿಲ್ಲ. ಎಳೆಗಳನ್ನು ಒಂದಕ್ಕೊಂದು ಅಂಟಿಸಿಟ್ಟ ಗೋಂದನ್ನು ನೀವು ಎಷ್ಟು ತೆಗೆಯುತ್ತೀರಿ, ಎಷ್ಟು ಬಿಡುತ್ತೀರಿ ಎಂಬುದರ ಮೇಲೆ ಬಹುಪಾಲು ಗುಣ ನಿಂತಿದೆ. ಹಾಗಾಗಿ ಒಂದೇ ತೊಗಟೆಯನ್ನು ಮೂರು ಬಗೆಯಾಗಿ ಬೇಯಿಸಿ, ಮೂರನ್ನೂ ಅಳೆದು ನೋಡುವುದು ಇಲ್ಲಿನ ಕ್ರಮ.

ಕಡ್ಡಿ ಆರಿಸುವುದು

ಹುಳುವಿನ ಹಾಸಿಗೆಯಿಂದ ಎತ್ತಿದ ಕಡ್ಡಿಯನ್ನು ಮೊದಲ ಪ್ರಯೋಗಕ್ಕೆ ಬಳಸಬೇಡಿ. ಅದಕ್ಕೆ ಸುಣ್ಣದ ಪುಡಿ, ಸೋಂಕುನಿವಾರಕ ಎಲ್ಲ ಮೆತ್ತಿರುತ್ತದೆ, ಅಳತೆ ಕೆಡುತ್ತದೆ. ಅದಕ್ಕಿಂತ ಮುಖ್ಯವಾಗಿ ಹುಳುವಿಗೆ ಬರುವ ಗಂಟು ರೋಗ, ಹಾಲುತೊಂಡೆ ರೋಗದ ಬೀಜ ಅದರಲ್ಲಿ ಉಳಿದಿರಬಹುದು. ಅಂಥ ಕಡ್ಡಿಯನ್ನು ಹುಳುಮನೆಯ ಹತ್ತಿರ ನೆನೆಹಾಕುವುದು, ಆ ನೀರನ್ನು ಮತ್ತೆ ತೋಟಕ್ಕೆ ಬಿಡುವುದು ಮುಂದಿನ ಬೆಳೆಗೆ ನಾವೇ ಕೊಳ್ಳಿ ಇಟ್ಟ ಹಾಗೆ. ತೋಟದಿಂದ ನೇರವಾಗಿ ಕೊಯ್ದ ಕಡ್ಡಿ ತನ್ನಿ.

ಬೆರಳು ದಪ್ಪದ, ನೆಟ್ಟಗಿರುವ, ಕವಲು ಕಡಿಮೆ ಇರುವ ಕಡ್ಡಿ ಒಳ್ಳೆಯದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ವಿ-1 ತಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹಿಂದಿನ ಕಟಾವಿನ ನಂತರ ಚಿಗುರಿ 65–70 ದಿನ ಬೆಳೆದ ಕಡ್ಡಿಯ ಬುಡದ ಕಡೆಯ ಎರಡು ಮೂರು ಅಡಿ ಸಾಕು. ತುದಿಯ ಭಾಗದಲ್ಲಿ ನಾರು ಇನ್ನೂ ಬಲಿತಿರುವುದಿಲ್ಲ. ಕವಲು ಒಡೆದ ಕಡೆ ಪಟ್ಟಿಯಲ್ಲಿ ತೂತು ಬೀಳುತ್ತದೆ, ನಾರು ಅದನ್ನು ಬಳಸಿಕೊಂಡು ಹೋಗಬೇಕಾಗುತ್ತದೆ, ಬಲ ಅಲ್ಲೇ ಸೋಲುತ್ತದೆ.

ಕಾಡಿನ ಮರದ ತಂಟೆಗೆ ಹೋಗಬೇಡಿ. ಮರ ತನ್ನ ಎಲೆಯಲ್ಲಿ ಮಾಡಿದ ಆಹಾರವನ್ನು ಬೇರಿಗೆ ಇಳಿಸುವುದು ಒಳತೊಗಟೆಯ ಮೂಲಕ. ಸುತ್ತಲೂ ಉಂಗುರದಂತೆ ತೊಗಟೆ ತೆಗೆದರೆ ಮರ ನಿಂತಲ್ಲೇ ಸಾಯುತ್ತದೆ. ಉಗಾಂಡದವರು ಮುಟುಬಾ ಮರದ ಕಾಂಡಕ್ಕೆ ಬಾಳೆ ಎಲೆ ಸುತ್ತಿ, ತೊಗಟೆ ಮತ್ತೆ ಬರುವ ತನಕ ಕಾಪಾಡುತ್ತಾರೆ. ಆ ಕೈಚಳಕ ತಲೆಮಾರುಗಳಿಂದ ಬಂದದ್ದು. ಜೊತೆಗೆ ನಮ್ಮಲ್ಲಿ ಅರಣ್ಯದ ತೊಗಟೆ ಅರಣ್ಯ ಉತ್ಪನ್ನ, ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಹೇಗೂ ಕಟಾವಾಗುವ, ಕಟಾವಾದಷ್ಟೂ ಚಿಗುರುವ ಹಿಪ್ಪುನೇರಳೆ ಇರುವಾಗ ಬೇರೆ ಮರ ಯಾಕೆ?

ಸುಲಿಯುವುದು, ಹೆರೆಯುವುದು

ಕೊಯ್ದ ದಿನವೇ ಸುಲಿಯಿರಿ. ಮರಕ್ಕೂ ತೊಗಟೆಗೂ ನಡುವೆ ಇರುವ ಬೆಳವಣಿಗೆಯ ಪದರ ಹಸಿಯಾಗಿರುವಾಗ ತೊಗಟೆ ಜಾರಿದಂತೆ ಬರುತ್ತದೆ, ಮಳೆಗಾಲದಲ್ಲಂತೂ ಇನ್ನೂ ಸಲೀಸು. ಕಡ್ಡಿ ಒಣಗಿದ್ದರೆ ಇಡ್ಲಿ ಬೇಯಿಸುವ ಹಾಗೆ ಮುಚ್ಚಿದ ಪಾತ್ರೆಯಲ್ಲಿ ಆವಿ ಹಾಯಿಸಿ. ಕಡ್ಡಿಯ ಕೊಯ್ದ ತುದಿಯಲ್ಲಿ ತೊಗಟೆ ತುಸು ಹಿಂದೆ ಸರಿದು ಬಿಳಿ ಮರ ಕಂಡರೆ ಬೆಂದಿದೆ ಎಂದರ್ಥ. ಜಪಾನಿನ ಕಾಗದದವರು ಚಳಿಗಾಲದಲ್ಲಿ ಎಲೆ ಉದುರಿದ ಕಡ್ಡಿಗೆ ಮಾಡುವುದೂ ಇದನ್ನೇ.

ಸುಲಿದ ಪಟ್ಟಿಯನ್ನು ಹತ್ತಿರದಿಂದ ನೋಡಿ. ಮೇಲೆ ಕಂದು ಸಿಪ್ಪೆ, ಅದರ ಕೆಳಗೆ ತೆಳ್ಳಗಿನ ಹಸಿರು ಪದರ, ಒಳಗೆ ಹಾಲುಬಿಳಿ ಪದರ. ನಮಗೆ ಬೇಕಾದದ್ದು ಬಿಳಿಯದು. ಪಟ್ಟಿಯನ್ನು ಹಲಗೆಯ ಮೇಲೆ ಕಂದು ಭಾಗ ಮೇಲಾಗಿ ಹಾಸಿ, ಮೊಂಡು ಚಾಕುವಿನಿಂದ ಉದ್ದಕ್ಕೆ ಹೆರೆಯಿರಿ. ಹರಿತ ಚಾಕು ನಾರನ್ನೇ ಕೊಯ್ಯುತ್ತದೆ. ಕೈಗೆ ಬಿಳಿ ಹಾಲು ಅಂಟುತ್ತದೆ, ಸ್ವಲ್ಪ ಎಣ್ಣೆ ಹಚ್ಚಿಕೊಂಡು ಕೂರುವುದು ಒಳ್ಳೆಯದು. ಕಂದು ಸಿಪ್ಪೆ ಅಲ್ಲಲ್ಲಿ ಉಳಿದರೆ ಕೊನೆಗೆ ನಾರಿನಲ್ಲಿ ಕಪ್ಪು ಚುಕ್ಕಿಯಾಗಿ ಕಾಡುತ್ತದೆ. ಎಷ್ಟು ಬ್ಲೀಚ್ ಮಾಡಿದರೂ ಹೋಗುವುದಿಲ್ಲ.

ಹೆರೆದ ಪಟ್ಟಿಯನ್ನು ನೆರಳಲ್ಲಿ ಗರಿಗರಿಯಾಗುವಷ್ಟು ಒಣಗಿಸಿ ತೂಗಿ ಇಡಿ. ಮುಂದಿನ ಲೆಕ್ಕಕ್ಕೆಲ್ಲ ಈ ತೂಕವೇ ಬುನಾದಿ.

ಗೋಂದು ತೆಗೆಯುವುದು

ರೇಷ್ಮೆ ಗೊತ್ತಿದ್ದವರಿಗೆ ಈ ಹಂತ ಬೇಗ ಅರ್ಥವಾಗುತ್ತದೆ. ರೇಷ್ಮೆ ಎಳೆಯ ಮೇಲೆ ಸೆರಿಸಿನ್ ಎಂಬ ಗೋಂದು ತೂಕದ ಕಾಲು ಭಾಗದಷ್ಟು ಇರುತ್ತದೆ. ಸೋಪು, ಸೋಡಾ ಹಾಕಿ ಕುದಿಸಿ ಅದನ್ನು ಕಳೆದಾಗಲೇ ಮಿರುಗು ಬರುತ್ತದೆ. ತೊಗಟೆಯಲ್ಲೂ ಗೋಂದಿದೆ, ಆದರೆ ಬೇರೆ ಜಾತಿಯದು: ಪೆಕ್ಟಿನ್, ಹೆಮಿಸೆಲ್ಯುಲೋಸ್, ಅಷ್ಟಿಷ್ಟು ಲಿಗ್ನಿನ್. ಪೆಕ್ಟಿನ್ ಕ್ಷಾರದ ನೀರಲ್ಲಿ ಸುಲಭವಾಗಿ ಕರಗುತ್ತದೆ, ಹೆಮಿಸೆಲ್ಯುಲೋಸ್ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ, ಲಿಗ್ನಿನ್ ಹಟಮಾರಿ. ಸೆಲ್ಯುಲೋಸ್ ಮಾತ್ರ ಸಾಧಾರಣ ಕ್ಷಾರಕ್ಕೆ ಜಗ್ಗುವುದಿಲ್ಲ. ಈ ವ್ಯತ್ಯಾಸವನ್ನೇ ಹಿಡಿದು ನಾವು ಕೆಲಸ ಮಾಡುವುದು.

ನೀರಲ್ಲಿ ಕೊಳೆಹಾಕುವ ಹಳೆಯ ದಾರಿಯೂ ಇದೆ. ಪಟ್ಟಿಗಳನ್ನು ತೊಟ್ಟಿಯಲ್ಲಿ ಮುಳುಗಿಸಿ, ಮೇಲೆ ಕಲ್ಲಿಟ್ಟರೆ ಬ್ಯಾಕ್ಟೀರಿಯಾಗಳೇ ಪೆಕ್ಟಿನ್ ತಿಂದು ಎಳೆ ಬಿಡಿಸುತ್ತವೆ. ಸೆಣಬು, ಪುಂಡಿ ನಾರು ತೆಗೆಯುವುದು ಹೀಗೆಯೇ. ಖರ್ಚಿಲ್ಲ, ಆದರೆ ನಾತ ತಡೆಯಲಾಗದು. ಒಂದು ದಿನ ಹೆಚ್ಚಾದರೆ ನಾರೂ ಕೊಳೆಯಲು ಶುರು. ಅಳತೆಗೆ ಬೇಕಾದ ನಾರು ಪ್ರತಿ ಸಲ ಒಂದೇ ಥರ ಇರಬೇಕು. ಅದಕ್ಕೆ ವಾಷಿಂಗ್ ಸೋಡಾ ಉತ್ತಮ. ಹಿಂದೆ ಮಡಿವಾಳರು ಬಟ್ಟೆ ಬೇಯಿಸಲು ಬಳಸುತ್ತಿದ್ದ ಚೌಳು ಮಣ್ಣಿನ ಕೆಲಸವೂ ಇದೇ, ಕ್ಷಾರ.

100 ಗ್ರಾಂ ಒಣ ತೊಗಟೆಗೆ 2 ಲೀಟರ್ ನೀರು, 20 ಗ್ರಾಂ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಅದರ ಕ್ಷಾರ ಸಾಲದು. ಹಿಂದಿನ ರಾತ್ರಿ ತೊಗಟೆಯನ್ನು ಬರೀ ನೀರಲ್ಲಿ ನೆನೆಹಾಕಿ. ಪಾತ್ರೆ ಸ್ಟೀಲಿನದಾಗಿರಲಿ, ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ಕೊರೆದು ಹಾಕುತ್ತದೆ. ನೀರು ಬಿಸಿಯಾದ ಮೇಲೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಕರಗಿದ ನಂತರ ತೊಗಟೆ ಬಿಡಿ. ಸಣ್ಣ ಉರಿಯಲ್ಲಿ ಕುದಿಯುತ್ತಿರಲಿ, ಅರ್ಧ ಗಂಟೆಗೊಮ್ಮೆ ಮಗುಚಿ. ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಕಾಸ್ಟಿಕ್ ಸೋಡಾ ಬೇಗ ಕೆಲಸ ಮಾಡುತ್ತದೆ ಎಂದು ಹಲವರು ಅದಕ್ಕೇ ಕೈಹಾಕುತ್ತಾರೆ. ಮನೆಯ ಅಡುಗೆಕೋಣೆಯಲ್ಲಿ ಅದು ಖಂಡಿತ ಬೇಡ: ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೇ ಅಪಾಯ. ಲ್ಯಾಬಿನಲ್ಲಿ, ಕನ್ನಡಕ, ಗ್ಲೌಸ್ ಹಾಕಿಕೊಂಡು ಮಾತ್ರ.

ಈಗ ಮೂರು ಮಾದರಿ. ಮುಕ್ಕಾಲು ಗಂಟೆ ಬೆಂದ ಮೇಲೆ ಮೂರನೇ ಒಂದು ಭಾಗ ತೆಗೆದು ‘ಅ’ ಎಂದು ಗುರುತಿಸಿ. ಎರಡು ಗಂಟೆಗೆ ತೆಗೆದದ್ದು ‘ಆ’. ನಾಲ್ಕು ಗಂಟೆ ಬೆಂದದ್ದು ‘ಇ’. ಎರಡನೇ ಗಂಟೆಯ ಹೊತ್ತಿಗೆ ಒಂದು ಪಟ್ಟಿಯನ್ನು ತಣ್ಣೀರಲ್ಲಿ ಅದ್ದಿ, ಎರಡೂ ಅಂಚು ಹಿಡಿದು ಅಗಲಕ್ಕೆ ನಿಧಾನವಾಗಿ ಜಗ್ಗಿ ನೋಡಿ. ಸರಿಯಾಗಿ ಬೆಂದಿದ್ದರೆ ಪಟ್ಟಿ ಹರಿಯದೆ ಜಾಲರಿಯಂತೆ ಬಿಚ್ಚಿಕೊಳ್ಳುತ್ತದೆ. ಸಣ್ಣ ಸಣ್ಣ ಕಣ್ಣುಗಳ ಆ ಜಾಲ ಒಮ್ಮೆ ಕಂಡರೆ ಮುಂದೆ ಗಡಿಯಾರ ನೋಡುವ ಅಗತ್ಯ ಬೀಳುವುದಿಲ್ಲ.

ತೊಳೆಯುವುದರಲ್ಲಿ ಸೋಮಾರಿತನ ಬೇಡ. ಉಳಿದ ಕ್ಷಾರ ನಾರನ್ನು ದಿನ ಕಳೆದಂತೆ ಹಳದಿ ಮಾಡುತ್ತದೆ, ತೂಕವನ್ನೂ ತಪ್ಪಿಸುತ್ತದೆ. ಹಿಂಡಿದ ನೀರಿನ ಒಂದು ಹನಿಯನ್ನು ಅರಿಶಿನ ಹಚ್ಚಿದ ಕಾಗದದ ಮೇಲೆ ಬಿಡಿ. ಆರತಿ ನೀರಿನ ಹಾಗೆ ಕೆಂಪಾದರೆ ಇನ್ನೂ ತೊಳೆಯಬೇಕು. ಕೊನೆಯ ನೀರಿಗೆ ಒಂದೆರಡು ಚಮಚ ವಿನೆಗರ್ ಹಾಕಿ, ಮತ್ತೊಮ್ಮೆ ಬರೀ ನೀರಲ್ಲಿ ಜಾಲಿಸಿ. ನಂತರ ನೆರಳಲ್ಲಿ ಒಣಹಾಕಿ, ಪೂರ್ತಿ ಒಣಗುವ ಮುನ್ನ ಬೆರಳಿನಿಂದ ಎಳೆ ಬಿಡಿಸಿ. ಹಾಗೇ ಬಿಟ್ಟರೆ ಉಳಿದ ಗೋಂದು ಮತ್ತೆ ಅಂಟಿಕೊಂಡು ಕಡ್ಡಿಯಂತಾಗುತ್ತದೆ.

ಬೇಯಿಸುವ ಮೊದಲಿನ ತೂಕಕ್ಕೆ ಈಗಿನ ತೂಕವನ್ನು ಹೋಲಿಸಿ ನೂರಕ್ಕೆ ಎಷ್ಟು ಉಳಿಯಿತು ಎಂದು ಬರೆದಿಡಿ. ‘ಅ’ ಇಂದ ‘ಇ’ಗೆ ಬರುವಾಗ ಎಷ್ಟು ತೂಕ ಇಳಿಯಿತೋ ಅಷ್ಟು ಗೋಂದು ಹೋಗಿದೆ. ಮುಂದಿನ ಎಲ್ಲ ಅಳತೆಯನ್ನೂ ಈ ಅಂಕಿಯ ಪಕ್ಕದಲ್ಲಿಟ್ಟು ಓದಬೇಕು.

ತೇವ

ಬಲ ಅಳೆಯುವ ಮೊದಲು ತೇವ ನೋಡಬೇಕು, ಏಕೆಂದರೆ ಸೆಲ್ಯುಲೋಸ್ ಗಾಳಿಯಿಂದ ನೀರು ಹೀರುತ್ತಲೇ ಇರುತ್ತದೆ. ಮಂಗಳೂರಿನ ಜುಲೈನಲ್ಲಿ ತೂಗಿದ ನಾರು, ಕಲಬುರಗಿಯ ಏಪ್ರಿಲ್‌ನಲ್ಲಿ ತೂಗಿದ ನಾರು ಒಂದೇ ಅಲ್ಲ. ಅದಕ್ಕೇ ಜವಳಿ ಪ್ರಯೋಗಾಲಯಗಳು ಗಾಳಿಯ ತೇವ 65 ಪ್ರತಿಶತ ಇಟ್ಟುಕೊಂಡು ಅಳೆಯುತ್ತವೆ. ನಮ್ಮಂಥ ಉಷ್ಣವಲಯದ ದೇಶಗಳಲ್ಲಿ ಉಷ್ಣತೆ 27 ಡಿಗ್ರಿ. ಮನೆಯಲ್ಲಿ ಅಷ್ಟು ಆಗದಿದ್ದರೆ ಮೂರೂ ಮಾದರಿಯನ್ನು ಒಂದೇ ಕೋಣೆಯಲ್ಲಿ ಒಂದು ದಿನ ಬಿಟ್ಟು, ಒಂದೇ ಹೊತ್ತಿನಲ್ಲಿ ಅಳೆಯಿರಿ. ಹೋಲಿಕೆಯಾದರೂ ನಿಜವಾಗಿರುತ್ತದೆ.

ಎರಡು ಗ್ರಾಂ ನಾರು ತೂಗಿ, ಓವನ್‌ನಲ್ಲಿ 105 ಡಿಗ್ರಿಯಲ್ಲಿ ಇಡಿ. ಎರಡು ಗಂಟೆಗೆ ತೂಗಿ, ಮತ್ತೆ ಅರ್ಧ ಗಂಟೆ ಇಟ್ಟು ತೂಗಿ. ತೂಕ ಬದಲಾಗದಿದ್ದರೆ ಒಣಗಿದೆ. ಬಿಸಿ ನಾರು ತಕ್ಕಡಿಯ ಮೇಲೇ ತೇವ ಹೀರಿಕೊಳ್ಳುತ್ತದೆ, ಆದ್ದರಿಂದ ಮುಚ್ಚಳದ ಡಬ್ಬಿಯಲ್ಲಿ ಆರಿಸಿ ತೂಗಬೇಕು. ಹೋದ ನೀರನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. ಹಸಿ ತೂಕದಿಂದ ಭಾಗಿಸುವ ಇನ್ನೊಂದು ಲೆಕ್ಕವೂ ಇದೆ, ಎರಡನ್ನೂ ಬೆರೆಸಿ ಬರೆದ ವರದಿಗಳು ಸಾಕಷ್ಟಿವೆ. ಯಾವುದರಿಂದ ಭಾಗಿಸಿದಿರಿ ಎಂದು ಬರೆಯಿರಿ. ಒಣ ತೂಕದ ಲೆಕ್ಕದಲ್ಲಿ ವ್ಯಾಪಾರಕ್ಕೆ ಒಪ್ಪಿಕೊಂಡ ಅಂಕಿಗಳು ಇವು: ಹತ್ತಿಗೆ 8.5, ರೇಷ್ಮೆಗೆ 11, ಲಿನನ್‌ಗೆ 12, ಸೆಣಬಿಗೆ 13.75, ಪಾಲಿಯೆಸ್ಟರ್‌ಗೆ ಬರೀ 0.4. ಹೆಮಿಸೆಲ್ಯುಲೋಸ್, ಪೆಕ್ಟಿನ್ ಹೆಚ್ಚಿದ್ದಷ್ಟೂ ನೀರಿನ ಆಸೆ ಹೆಚ್ಚು. ಅಂದರೆ ‘ಅ’ ಮಾದರಿ ‘ಇ’ಗಿಂತ ಹೆಚ್ಚು ತೇವ ಹಿಡಿದರೆ ಅಚ್ಚರಿಪಡಬೇಡಿ.

ಜೊತೆಗೇ ಒಂದು ಸಣ್ಣ ಪರೀಕ್ಷೆ. ಬೇಯಿಸದ ತೊಗಟೆಯ ಎಳೆಯ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಗುಂಡಗೆ ಕೂರುತ್ತದೆ, ಮೇಣದ ಅಂಶ ತಡೆಯುತ್ತದೆ. ಚೆನ್ನಾಗಿ ಬೆಂದ ನಾರಿನ ಮೇಲೆ ಬಿದ್ದ ಹನಿ ನೋಡುನೋಡುತ್ತಲೇ ಇಂಗುತ್ತದೆ. ಬಣ್ಣ ಹಾಕುವ ಉದ್ದೇಶವಿದ್ದರೆ ಈ ಹನಿಯ ಪರೀಕ್ಷೆಯೇ ಮೊದಲ ಸೂಚನೆ.

ಸಪೂರ ಮತ್ತು ಬಲ

ತೊಗಟೆ ನಾರಿನ ವಿಷಯದಲ್ಲಿ ಅತಿ ಹೆಚ್ಚು ತಪ್ಪು ಅಂಕಿ ಹುಟ್ಟುವುದು ಇಲ್ಲಿ. ಸೂಕ್ಷ್ಮದರ್ಶಕದಲ್ಲಿ ಎಳೆಯ ಅಗಲ ನೋಡಿ, ಅದು ಗುಂಡಗಿದೆ ಎಂದು ಊಹಿಸಿ, ವಿಸ್ತೀರ್ಣ ಕಟ್ಟಿ, ಬಲ ಭಾಗಿಸುತ್ತಾರೆ. ತೊಗಟೆಯ ಎಳೆ ಗುಂಡಗಿರುವುದಿಲ್ಲ. ಅದು ಹತ್ತಾರು ಜೀವಕೋಶಗಳ ಕಂತೆ. ಒಂದು ಕಡೆ ಚಪ್ಪಟೆ, ಒಂದು ಕಡೆ ಕೋನ, ಒಳಗೆ ಟೊಳ್ಳು. ಅಗಲದಲ್ಲಿ ಸ್ವಲ್ಪ ತಪ್ಪಿದರೂ ಅದರ ವರ್ಗ ಮಾಡುವಾಗ ತಪ್ಪು ದುಪ್ಪಟ್ಟಾಗುತ್ತದೆ. ನೂಲಿನವರ ದಾರಿ ಹಿಡಿಯುವುದು ಲೇಸು: ತೂಕದಿಂದ ಸಪೂರ ಅಳೆಯುವುದು. ಒಂದು ಕಿಲೋಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಟೆಕ್ಸ್.

ಸರಿಸುಮಾರು ಒಂದೇ ದಪ್ಪದ 100 ಎಳೆಗಳನ್ನು ಸರಿಯಾಗಿ 10 ಸೆಂಟಿಮೀಟರ್‌ಗೆ ಕತ್ತರಿಸಿ. ಎಲ್ಲ ಸೇರಿ 10 ಮೀಟರ್. ಚಿನ್ನ ತೂಗುವಂಥ ತಕ್ಕಡಿಯಲ್ಲಿ ಒಟ್ಟಿಗೆ ತೂಗಿ. ಉದಾಹರಣೆಗೆ 0.05 ಗ್ರಾಂ ಬಂತು ಎನ್ನಿ. ಕಿಲೋಮೀಟರಿಗೆ 5 ಗ್ರಾಂ, ಅಂದರೆ 5 ಟೆಕ್ಸ್.

ಬಲಕ್ಕೆ ದೊಡ್ಡ ಯಂತ್ರವೇನೂ ಬೇಡ. ಹಳೆಯ ವಿಸಿಟಿಂಗ್ ಕಾರ್ಡಿನ ನಡುವೆ 20 ಮಿಲಿಮೀಟರ್ ಎತ್ತರದ ಕಿಟಕಿ ಕತ್ತರಿಸಿ. ಒಂದು ಎಳೆಯನ್ನು ಕಿಟಕಿಯ ಉದ್ದಕ್ಕೆ ನೆಟ್ಟಗೆ ಇಟ್ಟು ಮೇಲೆ ಕೆಳಗೆ ಅಂಟು ಹಾಕಿ. ಅಂಟು ಪೂರ್ತಿ ಒಣಗಲಿ. ಕಾರ್ಡಿನ ಮೇಲಂಚನ್ನು ಮೊಳೆಗೆ ತೂಗುಹಾಕಿ, ಕೆಳಂಚಿಗೆ ಕ್ಲಿಪ್ಪಿನಿಂದ ಕಾಗದದ ಲೋಟ ಕಟ್ಟಿ, ಆಮೇಲೆ ಕಿಟಕಿಯ ಎರಡು ಪಕ್ಕೆಯನ್ನು ಕತ್ತರಿಯಿಂದ ಹುಷಾರಾಗಿ ಕತ್ತರಿಸಿ. ಈಗ ಲೋಟದ ಭಾರವೆಲ್ಲ ಆ ಒಂದು ಎಳೆಯ ಮೇಲೆ. ಆಸ್ಪತ್ರೆಯ ಡ್ರಿಪ್ ಪೈಪಿನಂಥ ಸಣ್ಣ ಕೊಳವೆಯಿಂದ ಲೋಟಕ್ಕೆ ನೀರು ಹನಿಸಿ. ಎಲ್ಲ ಎಳೆಗೂ ಒಂದೇ ವೇಗದಲ್ಲಿ. ಎಳೆ ಪಟ್ಟನೆ ಕಡಿದಾಗ ನೀರು ನಿಲ್ಲಿಸಿ, ಬಿದ್ದ ಲೋಟ, ನೀರು, ಕ್ಲಿಪ್ಪು, ಕಾರ್ಡಿನ ಕೆಳತುಂಡು ಎಲ್ಲ ಸೇರಿಸಿ ತೂಗಿ. ಕೆಳಗೆ ಬೋಗುಣಿ ಇಟ್ಟಿರಿ, ಚೆಲ್ಲಿದ ನೀರೂ ಲೆಕ್ಕಕ್ಕೆ ಬರಬೇಕು. ಅಂಟಿನ ಬುಡದಲ್ಲೇ ಕಡಿದ ಎಳೆಯನ್ನು ಲೆಕ್ಕದಿಂದ ಬಿಡಿ. ಅದು ಅಂಟಿನ ಪರೀಕ್ಷೆಯಾಯಿತು, ನಾರಿನದ್ದಲ್ಲ.

5 ಟೆಕ್ಸಿನ ಎಳೆ 150 ಗ್ರಾಂಗೆ ಕಡಿಯಿತು ಎಂದುಕೊಳ್ಳಿ. 150 ಭಾಗಿಸು 5, ಅಂದರೆ ಟೆಕ್ಸಿಗೆ 30 ಗ್ರಾಂ. ಪುಸ್ತಕಗಳಲ್ಲಿ ಬರುವ ಸೆಂಟಿನ್ಯೂಟನ್ ಲೆಕ್ಕಕ್ಕೆ 0.98ರಿಂದ ಗುಣಿಸಿ, ಹೆಚ್ಚು ಕಡಿಮೆ ಅದೇ ಅಂಕಿ. ಇಂಜಿನಿಯರಿಂಗ್‌ನವರು ಮೆಗಾಪಾಸ್ಕಲ್ ಕೇಳುತ್ತಾರೆ. ಸೆಲ್ಯುಲೋಸಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.5 ಗ್ರಾಂ ಎಂದಿಟ್ಟುಕೊಂಡು ಆ ಅಂಕಿಯನ್ನು 15ರಿಂದ ಗುಣಿಸಿದರೆ ಸುಮಾರು 440 ಬರುತ್ತದೆ. ಗಾಜಿನ ನಾರಿನ ಸಾಂದ್ರತೆ 2.5ರ ಆಸುಪಾಸು. ಸಸ್ಯದ ನಾರು ಗಾಜಿನಷ್ಟು ಗಟ್ಟಿ ಅಲ್ಲದಿದ್ದರೂ ಹಗುರ ಎಂಬ ಕಾರಣಕ್ಕೆ ಕಾರಿನ ಒಳಭಾಗದ ಹಲಗೆಗಳಿಗೆ ಲಿನನ್, ಸೆಣಬಿನ ಜಾತಿಯ ನಾರು ಬಳಸುತ್ತಾರೆ.

ಪ್ರತಿ ಮಾದರಿಯಲ್ಲೂ ಕನಿಷ್ಠ 30 ಎಳೆ ಕಡಿಯಿರಿ. ಒಂದು 90 ಗ್ರಾಂಗೆ ಕಡಿದರೆ ಮತ್ತೊಂದು 220ಕ್ಕೆ ಕಡಿಯುತ್ತದೆ. ನಿಮ್ಮ ಕೈ ಕೆಟ್ಟದ್ದು ಎಂದುಕೊಳ್ಳಬೇಡಿ, ಸಸ್ಯದ ನಾರೇ ಹಾಗೆ. ಎಳೆಯ ಉದ್ದಕ್ಕೂ ಎಲ್ಲೋ ಒಂದು ಕಡೆ ದುರ್ಬಲ ಜಾಗವಿರುತ್ತದೆ, ಕಡಿಯುವುದು ಅಲ್ಲೇ. ಕಿಟಕಿಯನ್ನು 20ರಿಂದ 50 ಮಿಲಿಮೀಟರ್‌ಗೆ ದೊಡ್ಡದು ಮಾಡಿದರೆ ಸರಾಸರಿ ಬಲ ಇಳಿಯುವುದು ಅದಕ್ಕೇ. ಆದ್ದರಿಂದ ಕಿಟಕಿಯ ಎತ್ತರ ಬರೆಯದ ಬಲದ ಅಂಕಿಗೆ ಬೆಲೆಯಿಲ್ಲ. ಸರಾಸರಿಯ ಜೊತೆ ಅತಿ ಕಡಿಮೆ, ಅತಿ ಹೆಚ್ಚು ಎಷ್ಟು ಎಂಬುದನ್ನೂ ಬರೆಯಿರಿ. ಪಕ್ಕದಲ್ಲಿ ಹತ್ತಿಯ ಹೊಲಿಗೆ ದಾರದಿಂದ ಬಿಡಿಸಿದ ಒಂದು ನೂಲನ್ನೂ ಸೆಣಬಿನ ಹುರಿಯಿಂದ ಎಳೆದ ಎಳೆಯನ್ನೂ ಇದೇ ಚೌಕಟ್ಟಿನಲ್ಲಿ ಕಡಿದು ನೋಡಿದರೆ ನಿಮ್ಮ ಅಂಕಿಗೆ ಒಂದು ನೆಲೆ ಸಿಗುತ್ತದೆ.

ಒದ್ದೆ ಬಲವನ್ನು ಬಿಡಬೇಡಿ. ಇನ್ನಷ್ಟು ಎಳೆಗಳನ್ನು ಕಾರ್ಡಿಗೆ ಅಂಟಿಸಿ, ನಡುಭಾಗಕ್ಕೆ ಬ್ರಷ್ಷಿನಿಂದ ನೀರು ಹಚ್ಚಿ, ಅಂಟು ಕಾರ್ಡು ನೆನೆಯದಂತೆ ನೋಡಿಕೊಂಡು ಕಡಿಯಿರಿ. ಹತ್ತಿ ಒದ್ದೆಯಾದಾಗ ಬಲ ಹೆಚ್ಚುತ್ತದೆ, ಲಿನನ್ ಕೂಡ. ರೇಯಾನ್ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ನಿಮ್ಮ ಎಳೆ ಒದ್ದೆಯಲ್ಲಿ ತೀರಾ ಸೋತರೆ ಅದು ನಾರಿನ ಬಲದಿಂದಲ್ಲ, ಗೋಂದಿನ ಹಿಡಿತದಿಂದ ನಿಂತಿತ್ತು ಎಂದು ತಿಳಿಯಬೇಕು. ನೀರು ಗೋಂದನ್ನು ಮೆತ್ತಗೆ ಮಾಡಿ ಕೋಶಗಳು ಒಂದರ ಪಕ್ಕದಿಂದ ಒಂದು ಜಾರಿವೆ. ಕಡಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸಪಾಟಾಗಿ ಕತ್ತರಿಸಿದಂತಿದ್ದರೆ ಕೋಶವೇ ಕಡಿದಿದೆ, ಕುಂಚದಂತೆ ಬಿಚ್ಚಿಕೊಂಡಿದ್ದರೆ ಜಾರಿದೆ.

ಬೆಂಕಿ, ಕ್ಷಾರ, ಆಮ್ಲ

ಸಣ್ಣ ಚಿಮಟದಲ್ಲಿ ಒಂದು ಎಳೆ ಹಿಡಿದು ಬೆಂಕಿಗೆ ತನ್ನಿ. ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಗುಂಡಾಗುತ್ತಿತ್ತು. ಪಕ್ಕದಲ್ಲಿ ರೇಷ್ಮೆ ಎಳೆ ಸುಡಿ, ಕೂದಲು ಸುಟ್ಟ ವಾಸನೆ. ಒಂದೇ ಹಿಪ್ಪುನೇರಳೆಯಿಂದ ಬಂದ ಎರಡು ನಾರು, ಗುಣದಲ್ಲಿ ತದ್ವಿರುದ್ಧ: ಹುಳ ಎಲೆ ತಿಂದು ಕಟ್ಟಿದ್ದು ಪ್ರೋಟೀನು, ಗಿಡ ತೊಗಟೆಯಲ್ಲಿ ಕಟ್ಟಿದ್ದು ಸೆಲ್ಯುಲೋಸ್. ಬಿಸಿಯಾದ 5 ಪ್ರತಿಶತದ ಕಾಸ್ಟಿಕ್ ದ್ರಾವಣದಲ್ಲಿ ರೇಷ್ಮೆ ಕರಗಿಹೋಗುತ್ತದೆ, ತೊಗಟೆ ನಾರು ಉಳಿಯುತ್ತದೆ. ಗಂಧಕಾಮ್ಲದ ತೆಳು ದ್ರಾವಣ ಸವರಿ ಒಣಗಲು ಬಿಟ್ಟರೆ ತೊಗಟೆ ನಾರು ಪುಡಿಪುಡಿ. ಉಣ್ಣೆಯಲ್ಲಿ ಸಿಕ್ಕಿಕೊಂಡ ಮುಳ್ಳು, ಹುಲ್ಲನ್ನು ಕಾರ್ಖಾನೆಗಳು ತೆಗೆಯುವುದು ಇದೇ ಉಪಾಯದಿಂದ. ಈ ಎರಡು ಪರೀಕ್ಷೆ ಲ್ಯಾಬಿನಲ್ಲೇ ಆಗಬೇಕು. ರೇಷ್ಮೆ ಜೊತೆ ಈ ನಾರು ಬೆರೆಸಿ ನೇಯುವ ಆಸೆಯಿದ್ದರೆ ತೊಳೆಯುವ ವಿಧಾನ ಎರಡಕ್ಕೂ ಹೊಂದಬೇಕು, ಮೊದಲೇ ಯೋಚಿಸಿ.

ಲಿಗ್ನಿನ್ ಎಷ್ಟು ಉಳಿದಿದೆ ಎಂಬುದಕ್ಕೆ ಕಾಲೇಜಿನ ಲ್ಯಾಬಿನಲ್ಲಿ ಫ್ಲೋರೋಗ್ಲುಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬಳಸುತ್ತಾರೆ. ಲಿಗ್ನಿನ್ ಇರುವ ಕಡೆ ಕೆಂಪು ಮೂಡುತ್ತದೆ. ದಿನಪತ್ರಿಕೆಯ ಚೂರು ಕಡುಗೆಂಪಾಗುತ್ತದೆ, ಸೆಣಬೂ ಹಾಗೆಯೇ, ಹತ್ತಿ ಬಿಳಿಯಾಗೇ ಉಳಿಯುತ್ತದೆ. ಬಿಸಿಲಲ್ಲಿ ಬಿದ್ದ ಪತ್ರಿಕೆ ಹಳದಿಯಾಗುವುದಕ್ಕೆ ಕಾರಣವೂ ಲಿಗ್ನಿನ್ನೇ. ಆದ್ದರಿಂದ ಹೆಚ್ಚು ಕೆಂಪಾದ ಮಾದರಿಯನ್ನು ಬಹುಕಾಲ ಉಳಿಯಬೇಕಾದ ಕಾಗದಕ್ಕೆ ಬಳಸಬೇಡಿ.

ಕಣ್ಣಿಗೆ ಕಾಣುವಂತೆ

ಶಾಲೆಯ ಸೂಕ್ಷ್ಮದರ್ಶಕ ಸಾಕು. ‘ಇ’ ಮಾದರಿಯ ಚೂರನ್ನು ಸೀಸೆಯಲ್ಲಿ ನೀರು ಹಾಕಿ ಜೋರಾಗಿ ಕುಲುಕಿದರೆ ಕಂತೆ ಬಿಚ್ಚಿ ಒಂಟಿ ಕೋಶಗಳು ತೇಲುತ್ತವೆ. ಒಂದು ಹನಿ ಸ್ಲೈಡಿನ ಮೇಲೆ. ಹಳೆಯ ಕ್ಯಾಲ್ಕುಲೇಟರ್ ಪರದೆಯಿಂದ ಬಿಚ್ಚಿದ ಪೋಲರಾಯ್ಡ್ ಹಾಳೆಯ ಒಂದು ತುಂಡನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಕಣ್ಣುಗಾಜಿನ ಮೇಲೆ ಇಟ್ಟು, ಮೇಲಿನದನ್ನು ತಿರುಗಿಸುತ್ತ ಹೋಗಿ. ಹಿನ್ನೆಲೆ ಪೂರ್ತಿ ಕಪ್ಪಾದಾಗ ನಾರು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಸೆಲ್ಯುಲೋಸಿನ ಸರಪಳಿಗಳು ಎಳೆಯ ಉದ್ದಕ್ಕೆ ಶಿಸ್ತಾಗಿ ಸಾಲುಗಟ್ಟಿರುವುದರಿಂದ ಈ ಹೊಳಪು. ಸ್ಲೈಡನ್ನು ತಿರುಗಿಸಿದರೆ ಒಂದು ಕೋನದಲ್ಲಿ ನಾರೂ ಕಪ್ಪಾಗಿ, ಮತ್ತೆ ಹೊಳೆಯುತ್ತದೆ. ಅಡ್ಡಡ್ಡಕ್ಕೆ ಗೆರೆಗಳು ಕಂಡರೆ ಅವು ಕೋಶದ ಗೋಡೆ ಮಡಿಚಿದ ಜಾಗಗಳು. ಬಡಿಯುವಾಗ, ಹೆರೆಯುವಾಗ ಒರಟುತನ ಮಾಡಿದಷ್ಟೂ ಹೆಚ್ಚುತ್ತವೆ.

ಒಂಟಿ ಕೋಶದ ಉದ್ದವನ್ನೂ ಅಳೆಯಿರಿ. ಸೆಣಬಿನ ಕೋಶ 2–3 ಮಿಲಿಮೀಟರ್ ಅಷ್ಟೆ. ಕಾಗದದ ಕಾರ್ಖಾನೆಯ ಮರದ ತಿರುಳಿನದ್ದು 1ರಿಂದ 3. ಜಪಾನಿನವರ ಕಾಗದ ಹಿಪ್ಪುನೇರಳೆಯ ಕೋಶ ಒಂದು ಸೆಂಟಿಮೀಟರಿನ ಹತ್ತಿರ. ವಾಶಿ ಅಷ್ಟು ತೆಳ್ಳಗಿದ್ದೂ ಹರಿಯದಿರುವುದರ ಗುಟ್ಟು ಆ ಉದ್ದದಲ್ಲಿದೆ.

ದೊಡ್ಡ ಲ್ಯಾಬಿಗೆ ಕಳಿಸುವುದಾದರೆ

ವಿಶ್ವವಿದ್ಯಾಲಯಗಳಲ್ಲಿ ಎಕ್ಸ್-ರೇ, ಇನ್‌ಫ್ರಾರೆಡ್, ಉಷ್ಣ ವಿಶ್ಲೇಷಣೆ ಮಾಡಿಸಬಹುದು. ಬರುವ ಗ್ರಾಫಿನಲ್ಲಿ ಏನು ನೋಡಬೇಕೆಂದು ಗೊತ್ತಿಲ್ಲದಿದ್ದರೆ ದುಡ್ಡು ದಂಡ.

ಎಕ್ಸ್-ರೇ ಗ್ರಾಫಿನಲ್ಲಿ 22.5 ಡಿಗ್ರಿ ಕೋನದ ಸುತ್ತ ಎತ್ತರದ ಶಿಖರ ಇರಬೇಕು, ಅದು ಸೆಲ್ಯುಲೋಸಿನ ಸ್ಫಟಿಕ ಭಾಗ. 18 ಡಿಗ್ರಿಯ ಹತ್ತಿರದ ತಗ್ಗು ಅಸ್ತವ್ಯಸ್ತ ಭಾಗದ್ದು. ಇವೆರಡರ ಎತ್ತರದಿಂದ ಸ್ಫಟಿಕತೆ ಲೆಕ್ಕ ಹಾಕುವ ಸೆಗಾಲ್ ವಿಧಾನ 1959ರದ್ದು, ಇಂದಿಗೂ ಎಲ್ಲರೂ ಬಳಸುತ್ತಾರೆ. ಅದು ಅಂಕಿಯನ್ನು ಹೆಚ್ಚಿಸಿ ತೋರಿಸುತ್ತದೆ; ‘ಅ’, ‘ಆ’, ‘ಇ’ ಗಳನ್ನು ಹೋಲಿಸಲು ಸರಿ, ನಮ್ಮ ನಾರು ಇಷ್ಟು ಪ್ರತಿಶತ ಸ್ಫಟಿಕ ಎಂದು ಸಾರಲು ಸಲ್ಲ. ಇನ್‌ಫ್ರಾರೆಡ್ ಗ್ರಾಫಿನಲ್ಲಿ 1730ರ (ಸೆಂಟಿಮೀಟರಿಗೆ ಇಷ್ಟು ಅಲೆ ಎಂಬ ಲೆಕ್ಕ) ಸುತ್ತಲಿನ ಪಟ್ಟಿ ನೋಡಿ: ಅದು ಹೆಮಿಸೆಲ್ಯುಲೋಸ್, ಪೆಕ್ಟಿನ್‌ನ ಗುರುತು. ಬೇಯಿಸಿದಷ್ಟೂ ಕುಗ್ಗುತ್ತ ಹೋದರೆ ನಿಮ್ಮ ತೂಕದ ಲೆಕ್ಕಕ್ಕೆ ಸಾಕ್ಷಿ ಸಿಕ್ಕಂತೆ. ಉಷ್ಣ ವಿಶ್ಲೇಷಣೆಯಲ್ಲಿ ಹೆಮಿಸೆಲ್ಯುಲೋಸ್ 220ರಿಂದ 315 ಡಿಗ್ರಿಯೊಳಗೆ, ಸೆಲ್ಯುಲೋಸ್ 315ರಿಂದ 400ರೊಳಗೆ ಕರಕಾಗುತ್ತದೆ. ಪ್ಲಾಸ್ಟಿಕ್ ಜೊತೆ ನಾರು ಬೆರೆಸುವವರಿಗೆ ಇದು ಲಕ್ಷ್ಮಣರೇಖೆ. ಪಾಲಿಪ್ರೊಪಿಲೀನ್ 165 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಅದರೊಳಗೆ ನಾರು ಬದುಕುತ್ತದೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಕರಗಲು 250 ಬೇಕು. ಅಷ್ಟರಲ್ಲಿ ನಾರು ಕಂದಾಗಿ ಬಲ ಬಿಟ್ಟಿರುತ್ತದೆ.

ಯಾವುದು ಯಾವುದಕ್ಕೆ

ಹಗ್ಗ, ಹುರಿ, ಬುಟ್ಟಿಯ ಹೆಣಿಗೆಗೆ ‘ಅ’. ಉದ್ದ ಎಳೆ ಬೇಕು, ಎಳೆ ಉದ್ದವಾಗಿ ಉಳಿಯಲು ಗೋಂದು ಬೇಕು. ಒರಟಾಗಿದೆ ಎಂದು ಇನ್ನಷ್ಟು ಬೇಯಿಸಿದರೆ ಎಳೆ ಚೂರಾಗಿ ಹೊಸೆಯಲು ಬರುವುದಿಲ್ಲ. ಕೈಕಾಗದಕ್ಕೆ ‘ಇ’, ಅಲ್ಲಿ ಕೋಶಗಳು ಒಂಟೊಂಟಿಯಾಗಿ ಬಿಡಿಸಿಕೊಂಡಷ್ಟೂ ಹಾಳೆ ಸಮವಾಗಿ ಕೂರುತ್ತದೆ. ಬಡಿಯಲು ಮರದ ಕೊಡತಿಯನ್ನೇ ಬಳಸಿ. ಮಿಕ್ಸಿಯ ಬ್ಲೇಡು ಉದ್ದ ಕೋಶವನ್ನು ಕತ್ತರಿಸಿ, ಇಷ್ಟು ಹೊತ್ತು ಕಾಪಾಡಿದ ಗುಣವನ್ನೇ ನುಂಗಿಹಾಕುತ್ತದೆ. ರಾಳದ ಜೊತೆ ಹಲಗೆ ಮಾಡುವವರಿಗೆ ‘ಆ’ ಸರಿ, ನಾರಿನ ಮೇಲ್ಮೈ ಶುದ್ಧವಾಗಿದ್ದು ರಾಳ ಹಿಡಿಯುತ್ತದೆ, ಎಳೆಗೆ ಉದ್ದವೂ ಉಳಿದಿರುತ್ತದೆ. ನೂಲುವ ವಿಚಾರದಲ್ಲಿ ನನಗೆ ಅಷ್ಟು ಭರವಸೆಯಿಲ್ಲ: ಹತ್ತಿಯ ಯಂತ್ರಕ್ಕೆ ಹೊಂದುವಷ್ಟು ನಯ ಬೇಕೆಂದು ಬೇಯಿಸಿದರೆ ಉದ್ದ ಹೋಗುತ್ತದೆ, ಉದ್ದ ಉಳಿಸಿದರೆ ಒರಟು. ಹತ್ತಿಯೊಂದಿಗೆ ಸ್ವಲ್ಪ ಬೆರೆಸಿ ದಪ್ಪ ನೂಲು ತೆಗೆಯಬಹುದೇನೋ, ಸೀರೆಯ ಕನಸು ಬೇಡ.

ನಾರನ್ನು ಬಟ್ಟೆಯ ಚೀಲದಲ್ಲಿ, ಗಾಳಿಯಾಡುವ ಕಡೆ, ನೆಲದಿಂದ ಮೇಲೆ ಇಡಿ. ಗೆದ್ದಲಿಗೆ ಇದು ಹಬ್ಬದೂಟ. ಪ್ರತಿ ಚೀಲದ ಮೇಲೆ ತಳಿ, ಕಡ್ಡಿಯ ವಯಸ್ಸು, ಕೊಯ್ದ ತಿಂಗಳು, ಸೋಡಾದ ಪ್ರಮಾಣ, ಬೆಂದ ಹೊತ್ತು, ಉಳಿದ ತೂಕ, ಟೆಕ್ಸ್, ಕಿಟಕಿಯ ಎತ್ತರದ ಜೊತೆ ಬಲ, ಇಷ್ಟನ್ನು ಪೆನ್ಸಿಲಿನಿಂದ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡಿಕೊಳ್ಳುತ್ತದೆ.